ನಿಂತ ಗಾಡಿ, ಓಡುವ ಬಾಡಿಗೆ

ಮೋಟಾರು ಅಪಘಾತದಲ್ಲಿ ಎರಡು ಬಗೆಯ ನಷ್ಟಗಳುಂಟು. ಒಂದು ಕಣ್ಣಿಗೆ ಕಾಣುವಂಥದು: ನುಗ್ಗಾದ ತಗಡು, ಒಡೆದ ಗಾಜು, ಮುರಿದ ದೀಪ. ಇನ್ನೊಂದು ಕಣ್ಣಿಗೆ ಕಾಣದಂಥದು: ಗಾಡಿ ಗ್ಯಾರೇಜಿನಲ್ಲಿ ನಿಂತಿರುವಷ್ಟು ದಿನ ಅದರ ಒಡೆಯ ಪರರ ಗಾಡಿಗೆ ತೆರುವ ಬಾಡಿಗೆ. ಮೊದಲನೆಯದನ್ನು ಅಳೆಯಲು ವಿಮಾ ಸಂಸ್ಥೆಯ ಸರ್ವೇಯರು ಬರುತ್ತಾರೆ, ಸುತ್ತ ನಾಲ್ಕು ಕಡೆಯಿಂದ ಚಿತ್ರ ತೆಗೆಯುತ್ತಾರೆ, ಪಟ್ಟಿ ಬರೆದುಕೊಳ್ಳುತ್ತಾರೆ. ಎರಡನೆಯದನ್ನು ಅಳೆಯಲು ಯಾರೂ ಬರುವುದಿಲ್ಲ. ಯಾರೂ ಬಾರದಿರುವುದರಿಂದಲೇ ಅದು ನಷ್ಟವಲ್ಲ, ಹಣೆಬರಹ ಎಂಬ ಭಾವನೆ ಜನರಲ್ಲಿ ಬೇರೂರಿದೆ. ಅದು ಹಣೆಬರಹವಲ್ಲ, ನಷ್ಟವೇ ಹೌದು. ಆದರೆ ಅದನ್ನು ಕೇಳಲು ತಟ್ಟಬೇಕಾದ ಬಾಗಿಲು ಬೇರೆ.

ಅರಸೀಕೆರೆಗೆ ಸುಮಾರು ಎಂಟು ಕಿಲೋಮೀಟರು ದೂರದಲ್ಲಿರುವ ಹಾರನಹಳ್ಳಿಯನ್ನು ಶಿಲ್ಪಪ್ರಿಯರು ಬಲ್ಲರು. ೧೨೩೫ರ ಸುಮಾರಿನಲ್ಲಿ ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಸಣ್ಣ ಎಂಬ ಸಹೋದರರ ಕಾಲದಲ್ಲಿ ಎದ್ದುನಿಂತ ಲಕ್ಷ್ಮೀನರಸಿಂಹ ಮತ್ತು ಸೋಮೇಶ್ವರ ದೇವಾಲಯಗಳು ಹೊಯ್ಸಳರ ಹೆಸರನ್ನು ಅಲ್ಲಿ ಇಂದಿಗೂ ಉಳಿಸಿವೆ. ಬೇಲೂರು ಹಳೇಬೀಡುಗಳನ್ನು ನೋಡಿ ಬರುವವರಲ್ಲಿ ಕೆಲವರು ಇತ್ತ ತಿರುಗುವುದೂ ಉಂಟು. ಊರಿನವರಿಗಾದರೋ ರಸ್ತೆಯೇ ಜೀವನಾಡಿ. ತೆಂಗಿನಕಾಯಿ ಅರಸೀಕೆರೆಗೆ ಹೋಗಬೇಕು, ಕೊಬ್ಬರಿ ತಿಪಟೂರಿನ ಮಾರುಕಟ್ಟೆಗೆ ಹೋಗಬೇಕು, ರೋಗಿ ಹಾಸನಕ್ಕೆ ಹೋಗಬೇಕು. ಇಂಥ ಕಡೆ ಮನೆಯ ಮುಂದಿನ ಕಾರು ಭೋಗದ ವಸ್ತುವಲ್ಲ. ಮನೆಯಲ್ಲಿ ದುಡಿಯುವ ಇನ್ನೊಂದು ಆಳು.

ಅಲ್ಲಿಯ ಒಬ್ಬ ತೋಟದ ಗೃಹಸ್ಥರನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಅವರ ವೃದ್ಧ ತಾಯಿಗೆ ಮೂತ್ರಪಿಂಡದ ವ್ಯಾಧಿ. ವಾರಕ್ಕೆ ಎರಡು ಬಾರಿ ಹಾಸನಕ್ಕೆ ಕರೆದೊಯ್ದು ಡಯಾಲಿಸಿಸ್ ಮಾಡಿಸಬೇಕು. ಒಂದು ದಿನ ಸಂತೆಯ ಬಳಿ ರಸ್ತೆಯ ಅಂಚಿನಲ್ಲಿ ನಿಲ್ಲಿಸಿದ್ದ ಅವರ ಕಾರಿಗೆ, ಹಿಂದಕ್ಕೆ ಸರಿಯುತ್ತಿದ್ದ ಲಾರಿಯೊಂದು ಗುದ್ದಿತು. ಬಿಡಿಭಾಗಗಳು ಬಂದು ದುರಸ್ತಿ ಮುಗಿಯಲು ನಾಲ್ಕು ವಾರ ಹಿಡಿಯಿತು. ಅಷ್ಟರಲ್ಲಿ ಎಂಟು ಬಾರಿ ಟ್ಯಾಕ್ಸಿ. ಒಂದು ಸಲಕ್ಕೆ ಎರಡು ಸಾವಿರವೆಂದರೂ ಹದಿನಾರು ಸಾವಿರ ರೂಪಾಯಿ. ಚಿಕಿತ್ಸೆ ಮುಗಿಸಿ ಕಣ್ಣು ಕತ್ತಲೆಗಟ್ಟಿದ ಮುದುಕಿಯನ್ನು ಬಸ್ಸಿನ ನೂಕುನುಗ್ಗಲಿನಲ್ಲಿ ನಿಲ್ಲಿಸಿ ತರಲು ಯಾವ ಮಗನಿಗೂ ಮನಸ್ಸು ಬಾರದು.

ಸರ್ವೇಯರು ಬಂದಾಗ ಗೃಹಸ್ಥರು ಟ್ಯಾಕ್ಸಿಯ ಚೀಟಿಗಳನ್ನೂ ಮುಂದಿಟ್ಟರು.

“ಯಜಮಾನ್ರೇ, ರಿಪೇರಿ ಹಣ ಬರುತ್ತೆ. ಈ ಬಾಡಿಗೆ ಚೀಟಿ ಇದರಲ್ಲಿ ಸೇರೋದಿಲ್ಲ.”

“ನನ್ನ ಕಾರು ನೆಟ್ಟಗಿದ್ದಿದ್ರೆ ನಾನ್ಯಾಕೆ ಬಾಡಿಗೆ ಕೊಡ್ತಿದ್ದೆ ಸಾರ್? ಗುದ್ದಿದೋನು ನಾನಲ್ಲವಲ್ಲ!”

ಇಬ್ಬರು ಹೇಳಿದ್ದೂ ನಿಜ. ಒಬ್ಬರು ಕರಾರಿನ ಮಾತನ್ನಾಡಿದರು. ಇನ್ನೊಬ್ಬರು ನ್ಯಾಯದ ಮಾತನ್ನಾಡಿದರು. ಈ ಎರಡು ಒಂದೇ ಅಲ್ಲವೆಂಬುದನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಕರಾರಿನ ಮಾತು. ಕಾರಿನ ಒಡೆಯ ತನ್ನ ವಿಮಾ ಸಂಸ್ಥೆಯೊಡನೆ ಮಾಡಿಕೊಳ್ಳುವ ಒಪ್ಪಂದವೇ ಪಾಲಿಸಿ. ಅದರಲ್ಲಿ ಬರೆದಷ್ಟನ್ನು ಸಂಸ್ಥೆ ಕೊಡಬೇಕು, ಬರೆಯದುದನ್ನು ಕೊಡಬೇಕಾಗಿಲ್ಲ. ಭಾರತದಲ್ಲಿ ಖಾಸಗಿ ಕಾರುಗಳಿಗೆ ಬಹುಕಾಲದಿಂದ ಬಳಕೆಯಲ್ಲಿರುವ ಪಾಲಿಸಿಯ ಮಾದರಿಯಲ್ಲಿ, ಸಂಸ್ಥೆ ಯಾವುದಕ್ಕೆ ಹೊಣೆಯಲ್ಲವೆಂಬ ಪಟ್ಟಿಯ ಆರಂಭದಲ್ಲಿಯೇ, ಅಪಘಾತದ ಪರಿಣಾಮವಾಗಿ ಮುಂದೆ ಉಂಟಾಗುವ ನಷ್ಟ ಸೇರಿದೆ. ಸವಕಳಿ, ಸವೆತ, ಯಂತ್ರದ ಕೆಡುಕು ಇವು ಅದರ ಒಡನಾಡಿಗಳು. ಬಾಡಿಗೆ ಕಾರಿನ ವೆಚ್ಚ ಈ ಮೊದಲನೆಯ ಗುಂಪಿಗೆ ಸೇರುತ್ತದೆ. ಕೆಟ್ಟು ನಿಂತ ಗಾಡಿಯನ್ನು ಹತ್ತಿರದ ಗ್ಯಾರೇಜಿಗೆ ಎಳೆಸಿಕೊಂಡು ಹೋಗುವ ವೆಚ್ಚಕ್ಕೆ ಅದೇ ಮಾದರಿಯಲ್ಲಿ ೧,೫೦೦ ರೂಪಾಯಿಗಳವರೆಗೆ ಅವಕಾಶವಿದೆ. ಗಾಡಿಯ ಒಡೆಯ ಬೇರೆ ಗಾಡಿಯಲ್ಲಿ ಹೋಗುವ ವೆಚ್ಚಕ್ಕೆ ಅವಕಾಶವಿಲ್ಲ. ಗಾಡಿ ಊರು ಸೇರುತ್ತದೆ, ಯಜಮಾನ ನಡೆದು ಬರಬೇಕು!

ಈ ಕೊರತೆಯನ್ನು ತುಂಬಲು ಈಚಿನ ವರ್ಷಗಳಲ್ಲಿ ವಿಮಾ ಸಂಸ್ಥೆಗಳು ಹೆಚ್ಚುವರಿ ರಕ್ಷಣೆಯೊಂದನ್ನು ಮಾರುತ್ತಿವೆ. ದೈನಿಕ ಭತ್ಯೆಯೆಂದೋ ಬದಲಿ ವಾಹನದ ಸೌಲಭ್ಯವೆಂದೋ ಅದಕ್ಕೆ ಹೆಸರು. ಪಾಲಿಸಿ ಕೊಳ್ಳುವಾಗ ಇಲ್ಲವೆ ನವೀಕರಿಸುವಾಗ ಸ್ವಲ್ಪ ಹೆಚ್ಚು ಕಂತು ತೆತ್ತರೆ, ಕಾರು ದುರಸ್ತಿಯಲ್ಲಿರುವ ದಿನಗಳಿಗೆ ದಿನಕ್ಕಿಷ್ಟೆಂದು ಗೊತ್ತಾದ ಮೊತ್ತ ಬರುತ್ತದೆ. ಇದರ ಷರತ್ತುಗಳು ಸಂಸ್ಥೆಯಿಂದ ಸಂಸ್ಥೆಗೆ ಬೇರೆಬೇರೆ. ಮೊದಲ ಕೆಲವು ದಿನಗಳನ್ನು ಬಿಟ್ಟು ಲೆಕ್ಕ ಹಾಕುವುದು, ಒಟ್ಟು ದಿನಗಳಿಗೆ ಮಿತಿ ಹಾಕುವುದು, ತಾವು ಒಪ್ಪಿದ ಗ್ಯಾರೇಜಿನಲ್ಲಿಯೇ ದುರಸ್ತಿಯಾಗಬೇಕೆನ್ನುವುದು ಸಾಮಾನ್ಯ. ಕೊಳ್ಳುವವರು ಏಜೆಂಟರನ್ನು ಕೇಳಬೇಕಾದ ಪ್ರಶ್ನೆಗಳು ಮೂರು: ದಿನಕ್ಕೆ ಎಷ್ಟು? ಎಷ್ಟು ದಿನ? ಎಷ್ಟನೆಯ ದಿನದಿಂದ? ಈ ಮೂರಕ್ಕೂ ಉತ್ತರವನ್ನು ಬಾಯಿಮಾತಿನಲ್ಲಿ ಪಡೆಯದೆ ಕಾಗದದಲ್ಲಿ ಓದಿಕೊಳ್ಳುವುದು ವಿವೇಕ.

ಇನ್ನು ನ್ಯಾಯದ ಮಾತು. ತಪ್ಪು ಮಾಡಿದವನು ನಷ್ಟ ತುಂಬಬೇಕೆಂಬುದು ಎಲ್ಲ ನಾಗರಿಕ ಸಮಾಜಗಳ ನೀತಿ. ಗೃಹಸ್ಥರಿಗೂ ಲಾರಿಯ ಒಡೆಯನಿಗೂ ನಡುವೆ ಯಾವ ಪಾಲಿಸಿಯೂ ಇಲ್ಲ. ಆದುದರಿಂದ ಪಾಲಿಸಿಯ ನಿಷೇಧ ವಾಕ್ಯವೂ ಅವರ ನಡುವೆ ಇಲ್ಲ. ಅಲ್ಲಿ ಇರುವುದು ನಿರ್ಲಕ್ಷ್ಯ ಮತ್ತು ಅದರಿಂದಾದ ನಷ್ಟ. ಆ ಲಾರಿಗೆ ಕಡ್ಡಾಯವಾದ ಮೂರನೆಯ ವ್ಯಕ್ತಿಯ ವಿಮೆ ಇದ್ದರೆ, ಒಡೆಯನ ಹೊಣೆಯನ್ನು ಅವನ ವಿಮಾ ಸಂಸ್ಥೆ, ಪಾಲಿಸಿಯ ಮಿತಿಗೊಳಪಟ್ಟು, ಹೊರಬೇಕಾಗುತ್ತದೆ.

ಈ ಕಡ್ಡಾಯ ವಿಮೆಯ ಚರಿತ್ರೆ ಸ್ವಾರಸ್ಯವಾದುದು. ೧೯೩೯ರ ಮೋಟಾರು ವಾಹನಗಳ ಕಾಯಿದೆಯಲ್ಲಿ ಅದಕ್ಕೊಂದು ಅಧ್ಯಾಯವಿದ್ದರೂ ಆ ಅಧ್ಯಾಯ ಜಾರಿಗೆ ಬಂದುದು ೧೯೪೬ರ ಜುಲೈ ೧ರಂದು. ೧೯೫೬ರ ತಿದ್ದುಪಡಿ ಅಪಘಾತ ಪರಿಹಾರಕ್ಕೆಂದೇ ನ್ಯಾಯಮಂಡಳಿಗಳಿಗೆ ಎಡೆಮಾಡಿತು. ಆಗ ಅವುಗಳ ಮುಂದೆ ಸಾವು ನೋವುಗಳ ಮೊಕದ್ದಮೆಗಳಿಗೆ ಮಾತ್ರ ಪ್ರವೇಶ. ೧೯೬೯ರ ತಿದ್ದುಪಡಿಯಿಂದ ಆಸ್ತಿಯ ಹಾನಿಯೂ ಒಳಬಂದಿತು. ೧೯೮೯ರ ಜುಲೈ ೧ರಿಂದ ಜಾರಿಗೆ ಬಂದ ೧೯೮೮ರ ಕಾಯಿದೆ, ಆಸ್ತಿ ಹಾನಿಗೆ ಇರಲೇಬೇಕಾದ ಕನಿಷ್ಠ ವಿಮೆಯನ್ನು ೬,೦೦೦ ರೂಪಾಯಿಯೆಂದು ಗೊತ್ತುಮಾಡಿತು. ಮುಂದೆ ಪಾಲಿಸಿಗಳಲ್ಲಿ ಕಾರು ಲಾರಿಗಳಿಗೆ ಏಳೂವರೆ ಲಕ್ಷ, ದ್ವಿಚಕ್ರಗಳಿಗೆ ಒಂದು ಲಕ್ಷ ರೂಪಾಯಿಯ ರಕ್ಷಣೆ ರೂಢಿಗೆ ಬಂದಿತು. ಆದರೆ ೨೦೦೨ರ ಮೋಟಾರು ವಿಮಾ ದರಪಟ್ಟಿಯಲ್ಲಿ ಕಂತಿನಲ್ಲಿ ಅಲ್ಪ ರಿಯಾಯಿತಿ ಪಡೆದು ಈ ರಕ್ಷಣೆಯನ್ನು ಆರು ಸಾವಿರಕ್ಕೆ ಇಳಿಸಿಕೊಳ್ಳುವ ದಾರಿಯೂ ಇತ್ತು. ಎದುರಾಳಿಯ ಪಾಲಿಸಿಯಲ್ಲಿ ಎಷ್ಟು ಬರೆದಿದೆಯೆಂದು ಮೊದಲು ನೋಡಬೇಕಾದುದು ಇದರಿಂದಲೇ. ವಿಮೆಯ ಮಿತಿ ಮೀರಿದ ಹಣವನ್ನು ವಾಹನದ ಒಡೆಯನೇ ಕೊಡಬೇಕು.

ಹಾಗಾದರೆ ನಿಂತ ದಿನಗಳ ಬಾಡಿಗೆಯೂ ‘ಹಾನಿ’ಯ ಲೆಕ್ಕಕ್ಕೆ ಬರುವುದೆ? ಈ ಪ್ರಶ್ನೆ ಕಾರಿಗಿಂತ ಹಳೆಯದು, ಹಡಗುಗಳ ಕಾಲದ್ದು. ಇಂಗ್ಲೆಂಡಿನ ಮರ್ಸಿ ನದಿಯ ಬಂದರು ಮಂಡಳಿಯ ದೀಪನೌಕೆಯೊಂದಕ್ಕೆ ‘ಮೀಡಿಯಾನಾ’ ಎಂಬ ಹಡಗು ಡಿಕ್ಕಿ ಹೊಡೆಯಿತು. ಮಂಡಳಿಯ ಬಳಿ ಬದಲಿ ದೀಪನೌಕೆ ಸಿದ್ಧವಾಗಿದ್ದುದರಿಂದ ಬಾಡಿಗೆಯಾಗಿ ಕಾಸೂ ಖರ್ಚಾಗಲಿಲ್ಲ. ಹಾಗಿದ್ದರೂ ೧೯೦೦ರಲ್ಲಿ ಅಲ್ಲಿಯ ಪ್ರಭುಸಭೆ ಪರಿಹಾರ ಕೊಡಿಸಿತು. ಒಬ್ಬನ ಕೋಣೆಯಿಂದ ಕುರ್ಚಿಯೊಂದನ್ನು ಒಂದು ವರ್ಷದ ಮಟ್ಟಿಗೆ ಎತ್ತಿಕೊಂಡು ಹೋದವನು, ‘ಅವನಿಗೆ ಬೇರೆ ಕುರ್ಚಿಗಳಿದ್ದುವಲ್ಲ’ ಎಂದು ತಪ್ಪಿಸಿಕೊಳ್ಳಲಾಗದು ಎಂಬುದು ಆ ತೀರ್ಪಿನ ಪ್ರಸಿದ್ಧ ದೃಷ್ಟಾಂತದ ತಾತ್ಪರ್ಯ. ವಸ್ತುವನ್ನು ಬಳಸುವ ಹಕ್ಕು ಕೂಡ ಒಂದು ಸ್ವತ್ತು. ಅದನ್ನು ಕೆಲವು ದಿನ ಕಸಿದುಕೊಂಡವನು ಆ ದಿನಗಳಿಗೆ ಬೆಲೆ ತೆರಬೇಕು.

ಇನ್ನೊಂದು ಹಡಗಿನ ಕಥೆ ಬಡವರ ಎದೆಗೆ ಹತ್ತಿರವಾದುದು. ೧೯೨೮ರಲ್ಲಿ ಗ್ರೀಸಿನ ಪತ್ರಾಸ್ ಬಂದರಿನ ಬಳಿ ‘ಲೀಸ್‌ಬಾಷ್’ ಎಂಬ ಹೂಳೆತ್ತುವ ನೌಕೆಯ ಲಂಗರು ಸರಪಳಿಗಳಿಗೆ ‘ಎಡಿಸನ್’ ಎಂಬ ಹಡಗು ಸಿಕ್ಕಿಕೊಂಡು, ಅದನ್ನು ಸಮುದ್ರಕ್ಕೆ ಎಳೆದೊಯ್ದು ಮುಳುಗಿಸಿತು. ಒಡೆಯರು ಹಿಡಿದಿದ್ದ ಗುತ್ತಿಗೆಯನ್ನು ನಿಲ್ಲಿಸುವಂತಿರಲಿಲ್ಲ. ಬೇರೆ ನೌಕೆಯನ್ನು ಕೊಳ್ಳಲು ಕೈಯಲ್ಲಿ ಹಣವಿರಲಿಲ್ಲ. ದುಬಾರಿ ಬಾಡಿಗೆಗೆ ಇನ್ನೊಂದನ್ನು ತಂದರು. ೧೯೩೩ರಲ್ಲಿ ಪ್ರಭುಸಭೆ ಹೇಳಿದುದು ಇದು: ನೌಕೆಯ ಬೆಲೆ ಮತ್ತು ಬದಲಿ ನೌಕೆ ಸಿಗುವವರೆಗಿನ ನಷ್ಟ ಸಲ್ಲುತ್ತದೆ, ಹಣವಿಲ್ಲದ ಕಾರಣದಿಂದ ಹೆಚ್ಚಾದ ಬಾಡಿಗೆ ಸಲ್ಲದು. ಅರ್ಥಾತ್, ಡಿಕ್ಕಿ ಎಡಿಸನ್ನಿನದು, ಬಡತನ ನಿನ್ನದು!

ಈ ಕಠೋರ ನಿಯಮ ಎಪ್ಪತ್ತು ವರ್ಷ ಬದುಕಿತು. ೨೦೦೩ರಲ್ಲಿ ಅದೇ ಸಭೆಯ ಮುಂದೆ, ಕೆಲಸವಿಲ್ಲದೆ ಕುಳಿತಿದ್ದ ಒಬ್ಬ ಸಾಮಾನ್ಯನ ಹಳೆಯ ಕಾರಿನ ಪ್ರಕರಣ ಬಂದಿತು. ನಿಲ್ಲಿಸಿದ್ದ ಅವನ ಕಾರಿಗೆ ಇನ್ನೊಬ್ಬರು ಗುದ್ದಿದ್ದರು. ಮುಂಗಡ ಕೊಟ್ಟು ಬಾಡಿಗೆ ಕಾರು ಪಡೆಯುವ ಶಕ್ತಿ ಅವನಿಗಿರಲಿಲ್ಲ. ಆದುದರಿಂದ ಹೆಚ್ಚಿನ ದರಕ್ಕೆ ಸಾಲದ ಮೇಲೆ ಕಾರು ಕೊಡುವ ಸಂಸ್ಥೆಯನ್ನು ಆಶ್ರಯಿಸಿದ್ದ. ಬಹುಮತದ ತೀರ್ಪು ಅವನ ಪರವಾಯಿತು. ಗುದ್ದಿದವನು ಗುದ್ದಿಸಿಕೊಂಡವನನ್ನು ಅವನ ಬಡತನದೊಡನೆಯೇ ಸ್ವೀಕರಿಸಬೇಕು ಎಂಬುದು ಅದರ ಸಾರ. ಈ ತೀರ್ಪುಗಳು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವಂಥವಲ್ಲ. ಆದರೂ ಯುಕ್ತಿಗೆ ದೇಶಭೇದವಿಲ್ಲವಷ್ಟೆ.

ನಮ್ಮಲ್ಲಿ ಸ್ಥಿತಿ ಹೇಗಿದೆ? ಹಾನಿಗೊಂಡ ಆಸ್ತಿಯ ಒಡೆಯ ೧೯೮೮ರ ಕಾಯಿದೆಯ ೧೬೬ನೆಯ ಪ್ರಕರಣದಂತೆ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಅಪಘಾತ ನಡೆದ ಸ್ಥಳದ, ತಾನು ವಾಸಿಸುವ ಸ್ಥಳದ, ಇಲ್ಲವೆ ಎದುರಾಳಿ ವಾಸಿಸುವ ಸ್ಥಳದ ನ್ಯಾಯಮಂಡಳಿಯನ್ನು ಆರಿಸಿಕೊಳ್ಳಬಹುದು. ಅಪಘಾತ ದೂರದ ಊರಿನಲ್ಲಾದರೂ ಮೊಕದ್ದಮೆಗಾಗಿ ಅಲ್ಲಿಗೇ ಅಲೆಯಬೇಕಾಗಿಲ್ಲವೆಂಬುದು ದೊಡ್ಡ ಅನುಕೂಲ. ಆದರೆ ದುರಸ್ತಿಯ ವೆಚ್ಚ ‘ಆಸ್ತಿಯ ಹಾನಿ’ಯೆಂಬುದರಲ್ಲಿ ವಿವಾದವಿಲ್ಲದಷ್ಟು ಸ್ಪಷ್ಟತೆ, ವಾಹನ ನಿಂತ ದಿನಗಳ ನಷ್ಟದ ವಿಷಯದಲ್ಲಿ ಇಲ್ಲ. ಅದನ್ನು ನ್ಯಾಯಮಂಡಳಿಯೇ ಕೊಡಿಸಬಹುದೆ, ಅದು ಸಿವಿಲ್ ನ್ಯಾಯಾಲಯದ ಪಾಲೆ, ವಿಮಾ ಸಂಸ್ಥೆ ಹೊರಬೇಕೆ, ಒಡೆಯನೊಬ್ಬನೇ ಹೊರಬೇಕೆ ಎಂಬಲ್ಲಿ ತೀರ್ಪುಗಳು ಏಕರೂಪವಾಗಿಲ್ಲ. ಆದುದರಿಂದ ಅರ್ಜಿಯಲ್ಲಿ ಚಾಲಕ, ಒಡೆಯ, ವಿಮಾ ಸಂಸ್ಥೆ ಮೂವರನ್ನೂ ಸೇರಿಸಿ, ಬಾಡಿಗೆಯ ಬಾಬನ್ನು ಬೇರೆಯಾಗಿ ತೋರಿಸುವುದು ಕ್ಷೇಮ. ಕೇಳದವನಿಗೆ ಯಾವ ನ್ಯಾಯಾಧೀಶರೂ ತಾವಾಗಿ ಬಾಡಿಗೆ ಕೊಡಿಸುವುದಿಲ್ಲ.

ಕೇಳುವವನು ಮೂರು ವಿಷಯಗಳನ್ನು ರುಜುವಾತು ಮಾಡಬೇಕು. ಮೊದಲನೆಯದು ಅಗತ್ಯ. ಮನೆಯಲ್ಲಿ ಎರಡು ಕಾರುಗಳಿದ್ದೂ ಮೂರನೆಯದನ್ನು ಬಾಡಿಗೆಗೆ ತಂದವನ ಮಾತು ನಿಲ್ಲದು; ಆಸ್ಪತ್ರೆಯ ಚೀಟಿಯನ್ನೂ ಅದೇ ತಾರೀಖಿನ ಟ್ಯಾಕ್ಸಿ ರಸೀತಿಯನ್ನೂ ಜೋಡಿಸಿ ಇಟ್ಟವನ ಮಾತು ನಿಲ್ಲುತ್ತದೆ. ಎರಡನೆಯದು ಅವಧಿ. ಕಾರು ಯಾವ ದಿನ ಗ್ಯಾರೇಜಿಗೆ ಹೋಯಿತು, ಬಿಡಿಭಾಗ ಯಾವ ದಿನ ಬಂದಿತು, ಯಾವ ದಿನ ಮರಳಿ ಕೈಸೇರಿತು ಎಂಬುದನ್ನು ಗ್ಯಾರೇಜಿನವರಿಂದ ಬರೆಸಿಕೊಳ್ಳಬೇಕು. ದುರಸ್ತಿಯಾದ ಕಾರನ್ನು ಹದಿನೈದು ದಿನ ತರದೆ ಬಿಟ್ಟು ಆ ಹದಿನೈದು ದಿನದ ಬಾಡಿಗೆಯನ್ನೂ ಕೇಳಿದರೆ ಅದು ಆಸೆಯಾದೀತು, ನಷ್ಟವಾಗದು. ಮೂರನೆಯದು ದರ. ಸಣ್ಣ ಕಾರಿದ್ದವನು ಸಣ್ಣ ಕಾರಿನ ಬಾಡಿಗೆಯನ್ನೇ ಕೇಳಬೇಕು. ಅದೂ ಊರಿನಲ್ಲಿ ನಡೆಯುವ ದರದಲ್ಲಿ.

ಇಲ್ಲಿ ಗ್ರಾಮಾಂತರದವರು ಮುಖ್ಯವಾಗಿ ಎಡವುವ ಕಲ್ಲೊಂದಿದೆ. ಪಕ್ಕದ ಮನೆಯವರ ಬಿಳಿ ಫಲಕದ ಕಾರನ್ನು ಕರೆದು, ಡೀಸೆಲ್ ಹಾಕಿಸಿ, ಕೈಗಿಷ್ಟು ಕೊಟ್ಟು ಹೋಗಿಬರುವುದು ಎಲ್ಲ ಊರುಗಳಲ್ಲಿಯೂ ಉಂಟು. ಇದರಲ್ಲಿ ರಸೀತಿಯಿಲ್ಲ, ರಸೀತಿ ಬರೆದುಕೊಟ್ಟರೂ ಅದು ತಪ್ಪೊಪ್ಪಿಗೆಯಾದೀತು. ಖಾಸಗಿ ಕಾರನ್ನು ಬಾಡಿಗೆಗೆ ಓಡಿಸಲು ಪರವಾನಗಿಯಿಲ್ಲ; ಖಾಸಗಿ ಕಾರಿನ ಪಾಲಿಸಿಯೂ ಬಾಡಿಗೆಯ ಬಳಕೆಯನ್ನು ಹೊರಗಿಟ್ಟಿದೆ. ದಾರಿಯಲ್ಲಿ ಎರಡನೆಯ ಅಪಘಾತವಾದರೆ ಉಪಕಾರ ಮಾಡಲು ಬಂದ ನೆರೆಯವರ ಮನೆಯೂ ಮುಳುಗೀತು. ಹಳದಿ ಫಲಕದ ಟ್ಯಾಕ್ಸಿಯನ್ನೇ ಕರೆದು, ತಾರೀಖು, ವಾಹನದ ಸಂಖ್ಯೆ, ಹೋದ ಊರು, ಕೊಟ್ಟ ಹಣ ಇಷ್ಟನ್ನೂ ಬರೆದ ರಸೀತಿಯನ್ನು ಪಡೆಯುವುದು ಲೇಸು.

ಅಪಘಾತವಾದ ಕೂಡಲೆ ಮಾಡಬೇಕಾದ ಕೆಲಸಗಳು ಹೆಚ್ಚಿಲ್ಲ, ಆದರೆ ಆಗಲೇ ಮಾಡಬೇಕಾದುವು. ಲಾರಿಯ ಸಂಖ್ಯೆಯನ್ನು ಗುರುತು ಹಾಕಿಕೊಂಡು, ಎರಡು ವಾಹನಗಳು ನಿಂತ ಭಂಗಿಯನ್ನು ಚಿತ್ರ ತೆಗೆದು, ಪೊಲೀಸು ಠಾಣೆಗೂ ತನ್ನ ವಿಮಾ ಸಂಸ್ಥೆಗೂ ತಿಳಿಸಬೇಕು. ಗುದ್ದಿದ ವಾಹನದ ಒಡೆಯನ ಮತ್ತು ವಿಮೆಯ ವಿವರಗಳನ್ನು ಠಾಣೆಯಿಂದ ಇಲ್ಲವೆ ನೋಂದಣಿ ಅಧಿಕಾರಿಯಿಂದ ಶುಲ್ಕ ತೆತ್ತು ಪಡೆಯುವ ಹಕ್ಕನ್ನು ಕಾಯಿದೆಯ ೧೬೦ನೆಯ ಪ್ರಕರಣ ಕೊಟ್ಟಿದೆ.

ಅನಂತರ ಲಾರಿಯ ಒಡೆಯನಿಗೂ ಅವನ ವಿಮಾ ಸಂಸ್ಥೆಗೂ ಒಂದು ನೋಟೀಸು. ಅದರಲ್ಲಿ ಬಾಡಿಗೆಯೊಂದನ್ನೇ ಅಲ್ಲ, ತನ್ನ ವಿಮೆಯಿಂದ ಬಾರದ ಎಲ್ಲವನ್ನೂ ಕಾಣಿಸಬೇಕು. ಸ್ವಂತ ಪಾಲಿಸಿಯಲ್ಲಿ ಕ್ಲೇಮು ಮಾಡಿದಾಗ ಒಡೆಯ ತಾನೇ ಭರಿಸುವ ಮೊದಲ ಕಂತು, ಪ್ಲಾಸ್ಟಿಕ್ಕು ರಬ್ಬರು ಭಾಗಗಳ ಮೇಲೆ ಸಾಮಾನ್ಯವಾಗಿ ಕಡಿತವಾಗುವ ಅರ್ಧದಷ್ಟು ಸವಕಳಿ, ಮುಂದಿನ ವರ್ಷ ಕಳೆದುಕೊಳ್ಳುವ ಕ್ಲೇಮುರಹಿತ ಬೋನಸ್ಸು ಇವೆಲ್ಲವೂ ಲಾರಿಯ ಡಿಕ್ಕಿಯಿಂದ ಹುಟ್ಟಿದ ನಷ್ಟಗಳೇ. ಬೋನಸ್ಸು ಮೊದಲ ವರ್ಷ ನೂರಕ್ಕೆ ಇಪ್ಪತ್ತರಿಂದ ಆರಂಭವಾಗಿ ಐದು ವರ್ಷಗಳಲ್ಲಿ ನೂರಕ್ಕೆ ಐವತ್ತಕ್ಕೆ ಏರುವಂಥದು. ಅದನ್ನು ಕಳೆದುಕೊಳ್ಳುವುದು ಹಗುರವಾದ ಮಾತಲ್ಲ. ಆದರೆ ತನ್ನ ವಿಮೆಯಿಂದ ಪಡೆದ ದುರಸ್ತಿಯ ಹಣವನ್ನು ಲಾರಿಯವನಿಂದ ಮತ್ತೊಮ್ಮೆ ಪಡೆಯುವಂತಿಲ್ಲ. ಒಂದು ಗಾಯಕ್ಕೆ ಒಂದೇ ಮುಲಾಮು.

ಹದಿನಾರು ಸಾವಿರಕ್ಕಾಗಿ ವರ್ಷಗಟ್ಟಲೆ ಕೋರ್ಟು ಹತ್ತುವವರಾರು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆ ಲೋಕ ಅದಾಲತ್ತೇ ಉತ್ತರ. ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ನಡೆಯುವ ಈ ಅದಾಲತ್ತುಗಳಲ್ಲಿ ಇಬ್ಬರೂ ಒಪ್ಪಿ ಆದ ತೀರ್ಮಾನಕ್ಕೆ ಕೋರ್ಟಿನ ಡಿಕ್ರಿಯ ಬಲವಿದೆ. ಅದರ ಮೇಲೆ ಅಪೀಲಿಲ್ಲ. ದಾಖಲೆಗಳು ನೆಟ್ಟಗಿದ್ದರೆ ಇಂಥ ಚಿಕ್ಕ ಮೊತ್ತಗಳಲ್ಲಿ ವಿಮಾ ಸಂಸ್ಥೆಗೂ ರಾಜಿಯೇ ಲಾಭ.

‘ತಾಳಿದವನು ಬಾಳಿಯಾನು’ ಎಂಬ ಗಾದೆ ಮಾತ್ರ ಇಲ್ಲಿ ನಡೆಯದು. ಅಪಘಾತವಾದ ಆರು ತಿಂಗಳೊಳಗೆ ನ್ಯಾಯಮಂಡಳಿಗೆ ಅರ್ಜಿ ಬರಬೇಕೆಂಬ ನಿಯಮವನ್ನು ೨೦೧೯ರ ತಿದ್ದುಪಡಿ ತಂದಿತು. ೨೦೨೨ರ ಏಪ್ರಿಲ್ ೧ರಿಂದ ಅದು ಜಾರಿಗೆ ಬಂದಿತು. ಈ ನಿಯಮದ ಸಿಂಧುತ್ವವನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಲಾಗಿದೆಯಾದರೂ, ಆ ಭರವಸೆಯ ಮೇಲೆ ಏಳನೆಯ ತಿಂಗಳಿಗೆ ಕಾಯುವುದು ಜಾಣತನವಲ್ಲ.

ಸ್ವಂತ ವಿಮಾ ಸಂಸ್ಥೆಯೇ ದುರಸ್ತಿಯ ಹಣವನ್ನೋ ಕೊಂಡ ದೈನಿಕ ಭತ್ಯೆಯನ್ನೋ ಕೊಡದೆ ಸತಾಯಿಸಿದರೆ ದಾರಿ ಬೇರೆ. ಮೊದಲು ಆ ಸಂಸ್ಥೆಗೇ ಲಿಖಿತ ದೂರು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ನರಿಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಜಿಲ್ಲಾ ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ. ಓಂಬುಡ್ಸ್‌ಮನ್ನರು ಪಾಲಿಸಿದಾರರಿಗಾಗಿ ಇರುವವರು. ಲಾರಿಯವನ ವಿಮಾ ಸಂಸ್ಥೆಯ ಮೇಲೆ ಅವರಲ್ಲಿ ದೂರು ಸಲ್ಲದು.

ಎಲ್ಲ ಬಾಗಿಲುಗಳೂ ಮುಚ್ಚಿರುವ ಸಂದರ್ಭಗಳೂ ಇಲ್ಲದಿಲ್ಲ. ತಾನೇ ಮರಕ್ಕೆ ಗುದ್ದಿದವನು ಬಾಡಿಗೆಯನ್ನು ಯಾರಲ್ಲಿ ಕೇಳಬೇಕು? ಹೆಚ್ಚುವರಿ ರಕ್ಷಣೆ ಕೊಂಡಿಲ್ಲದಿದ್ದರೆ ತನ್ನ ಜೇಬನ್ನೇ ಕೇಳಬೇಕು. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ ಸರಕಾರದ ಯೋಜನೆಯಲ್ಲಿ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ ಐವತ್ತು ಸಾವಿರ ರೂಪಾಯಿ ಪರಿಹಾರವುಂಟು. ಜಖಂ ಆದ ಗಾಡಿಗೆ ಅದರಲ್ಲಿ ಏನೂ ಇಲ್ಲ. ದೈನಿಕ ಭತ್ಯೆಯ ಸಣ್ಣ ಕಂತು ಬೆಲೆಬಾಳುವುದು ಇಂಥ ಸಮಯದಲ್ಲಿಯೇ.

ಕಾರಿನವರ ಮಾತು ಹೀಗಾದರೆ, ಆಟೋ ರಿಕ್ಷಾ ಓಡಿಸಿ ದಿನದ ಅಕ್ಕಿ ತರುವವನ ಪಾಡೇನು? ಅವನ ಗಾಡಿ ನಿಂತ ದಿನ ಅವನು ಬಾಡಿಗೆ ಕೊಡುವವನಲ್ಲ, ಬಾಡಿಗೆ ಕಳೆದುಕೊಳ್ಳುವವನು. ಅವನ ನಷ್ಟಕ್ಕೆ ರಸೀತಿಯಿಲ್ಲ. ದಿನದ ದುಡಿಮೆಯನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡುವ ಅಭ್ಯಾಸ, ಪರವಾನಗಿ, ಸಾಲದ ಕಂತಿನ ಪುಸ್ತಕ, ಇವೇ ಅವನ ಸಾಕ್ಷಿಗಳು. ತಗಡಿಗೆ ಬೆಲೆ ಕಟ್ಟುವಷ್ಟು ಸುಲಭವಾಗಿ ಮನುಷ್ಯನ ದಿನಕ್ಕೆ ಬೆಲೆ ಕಟ್ಟಲು ಲೋಕ ಇನ್ನೂ ಕಲಿತಿಲ್ಲ. ಆದರೆ ದಿನವನ್ನು ಕಳೆದುಕೊಂಡವನು ಅದನ್ನು ಬರೆದಿಟ್ಟು ಕೇಳಿದರೆ, ಕೇಳಿದಷ್ಟಲ್ಲದಿದ್ದರೂ ಕೊಂಚವಾದರೂ ದೊರೆತೀತು. ಬರೆದಿಡದವನ ದಿನಗಳು ಮಾತ್ರ ನಿಶ್ಚಯವಾಗಿ ಲಾರಿಯವನ ಲೆಕ್ಕಕ್ಕೇ ಉಳಿತಾಯವಾಗುತ್ತವೆ.